ರಿಯಾಯಿತಿಯ ಚೀಟಿ, ಸೀರೆಯ ಕೊಂಡಿ

ಹಬ್ಬ ಸಮೀಪಿಸಿತೆಂದರೆ ಕೈಮಗ್ಗದ ಅಂಗಡಿಗಳ ಬಾಗಿಲಲ್ಲಿ ರಿಯಾಯಿತಿಯ ಫಲಕ ತೂಗುತ್ತದೆ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು 1975ರಲ್ಲಿ ಸ್ಥಾಪನೆಗೊಂಡು, ನಾಡಿನ ಪಟ್ಟಣಗಳಲ್ಲಿ ‘ಪ್ರಿಯದರ್ಶಿನಿ’ ಮಳಿಗೆಗಳನ್ನು ತೆರೆದ ಮೇಲೆ ಈ ಫಲಕ ನಮಗೆಲ್ಲ ಪರಿಚಿತ. ಇಂಥ ಅಂಗಡಿಗಳಲ್ಲಿ ಗಿರಾಕಿಗಳನ್ನು ನಾನು ಗಮನಿಸಿದ್ದೇನೆ: ಕಣ್ಣು ಮೊದಲು ಬೆಲೆಯ ಚೀಟಿಯ ಮೇಲೆ ಬೀಳುತ್ತದೆ; ಕೈ ಸೀರೆಯನ್ನು ಮುಟ್ಟುವುದು ಆಮೇಲೆ.

ನೇಕಾರರ ಊರಾದ ನಮ್ಮ ಕಮತಗಿಯಲ್ಲಿ ಕ್ರಮ ಬೇರೆ. ಇಲ್ಲಿಯ ಹಿರಿಯ ಹೆಣ್ಣುಮಕ್ಕಳು ಇಳಕಲ್ ಸೀರೆಯ ಮಡಿಕೆ ಬಿಚ್ಚಿ, ಒಡಲಿಗೆ ಸೆರಗು ಕೂಡುವ ಜಾಗವನ್ನು ಹುಡುಕುತ್ತಾರೆ. ಕೊಂಡಿ ಇರುವುದು ಅಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆಯನ್ನು ಕುಣಿಕೆಯಾಗಿ ಕೋದು ಎರಡನ್ನೂ ಕೂಡಿಸಬೇಕು. ಆದ್ದರಿಂದಲೇ ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಗೊಳಿಸಬೇಕು. ಈ ಶ್ರಮ ಚೀಟಿಯಲ್ಲಿ ಕಾಣದು.

ಹಾಗಾದರೆ ರಿಯಾಯಿತಿ ಯಾರ ಗಂಟು? 2,000 ರೂಪಾಯಿಯ ಸೀರೆಗೆ ನೂರಕ್ಕೆ 20ರಂತೆ ಇಳಿಸಿದರೆ ಗಿರಾಕಿಗೆ 400 ರೂಪಾಯಿ ಉಳಿಯಿತು. ಅದನ್ನು ಸರ್ಕಾರ ತುಂಬಿಕೊಟ್ಟರೆ ನೇಕಾರನ ಮಜೂರಿ ಕುಂದದು. ಮಾಲು ಕರಗಿ, ಮಗ್ಗಕ್ಕೆ ಮತ್ತೆ ನೂಲು ಬರುತ್ತದೆ. ತುಂಬದಿದ್ದರೆ ಆ ಭಾರ ನೇಕಾರ ಕಾಲಿಳಿಬಿಟ್ಟು ಕೂತ ಮಗ್ಗದ ಕುಣಿಯವರೆಗೂ ಇಳಿಯುತ್ತದೆ. ಇನ್ನು, ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಅಗ್ಗಕ್ಕೆ ಮಾರುವುದು ರಿಯಾಯಿತಿಯಲ್ಲ, ವಂಚನೆ. ಅದನ್ನು ತಡೆಯಲೆಂದೇ 2006ರಲ್ಲಿ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಮುದ್ರೆ ಬಂದಿತು.

ಆದುದರಿಂದ ಅಂಗಡಿಯಲ್ಲಿ ‘ಎಷ್ಟು ಬಿಟ್ಟೀರಿ?’ ಎಂದು ಕೇಳುವ ಮುನ್ನ, ‘ಮುದ್ರೆ ಎಲ್ಲಿ, ಕೊಂಡಿ ಎಲ್ಲಿ?’ ಎಂದು ಕೇಳೋಣ. ಹಾಗೆ ಕೇಳುವ ಗಿರಾಕಿ ಇರುವತನಕ ಮಗ್ಗದ ಸದ್ದು ನಿಲ್ಲದು.