ಹಾಜಿ ಅಲಿಯ ಹೊಸ್ತಿಲಲ್ಲಿ ನ್ಯಾಯಾಲಯ ಕೇಳಿದ ಪ್ರಶ್ನೆ

ಮುಂಬಯಿ: ವರಳಿ ಕಡಲಿನ ನಡುವೆ ನಿಂತಿರುವ ಹಾಜಿ ಅಲಿ ದರ್ಗಾವನ್ನು ಅರಿಯದ ಮುಂಬಯಿಗರಿಲ್ಲ. ಉಬ್ಬರಕ್ಕೆ ದಾರಿ ಮುಳುಗುತ್ತದೆ, ಇಳಿತಕ್ಕೆ ತೆರೆದುಕೊಳ್ಳುತ್ತದೆ. ಅಲ್ಲಿಗೆ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಮತದವರೂ ಇದ್ದಾರೆ.

ಪೀರ್ ಹಾಜಿ ಅಲಿ ಶಾ ಬುಖಾರಿ ಅವರ ಸಮಾಧಿಯ ತನಕ ಹಿಂದೆ ಹೆಂಗಸರೂ ಹೋಗುತ್ತಿದ್ದರು. 2011-12ರ ಸುಮಾರಿಗೆ ಅವರನ್ನು ಗರ್ಭಗೃಹದ ಹೊರಗೇ ತಡೆಯಲಾಯಿತು. ಭಾರತೀಯ ಮುಸ್ಲಿಂ ಮಹಿಳಾ ಆಂದೋಲನದ ನೂರ್‌ಜಹಾನ್ ಸಫಿಯಾ ನಿಯಾಜ್ ಮತ್ತು ಝಕಿಯಾ ಸೋಮನ್ 2014ರಲ್ಲಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು.

ಪುರುಷ ಸಂತರ ಸಮಾಧಿಯ ಸಮೀಪ ಮಹಿಳೆಯರು ಬರುವುದು ಪಾಪ, ಅವರ ಸುರಕ್ಷತೆಯೂ ಮುಖ್ಯ ಎಂಬುದು ಟ್ರಸ್ಟ್‌ನ ವಾದವಾಗಿತ್ತು. ಹಾಗಾದರೆ ಇದು ಯಾವಾಗಿನಿಂದ ಬಂದ ಪದ್ಧತಿ? ನ್ಯಾಯಾಲಯದ ಮುಂದಿದ್ದ ಮುಖ್ಯ ಪ್ರಶ್ನೆ ಇದೇ. ಧರ್ಮಕ್ಕೆ ಅನಿವಾರ್ಯವಾದ ಆಚರಣೆಯಾಗಿದ್ದರೆ ಅದು ಮೊದಲಿನಿಂದಲೂ ಇರಬೇಕಿತ್ತು. 2016ರ ಆಗಸ್ಟ್ 26ರಂದು ನ್ಯಾಯಮೂರ್ತಿ ವಿ.ಎಂ. ಕಾನಡೆ ಮತ್ತು ನ್ಯಾಯಮೂರ್ತಿ ರೇವತಿ ಮೋಹಿತೆ ಡೇರೆ ಅವರ ಪೀಠ ನಿರ್ಬಂಧವನ್ನು ರದ್ದುಪಡಿಸಿತು. ಇದು ಸಂವಿಧಾನದ 14, 15 ಮತ್ತು 25ನೇ ವಿಧಿಗಳಿಗೆ ವಿರುದ್ಧ ಎಂದಿತು. ಸುರಕ್ಷತೆಯ ಹೊಣೆಯನ್ನು ಸರಕಾರ ಮತ್ತು ಟ್ರಸ್ಟ್‌ಗೆ ವಹಿಸಿತು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋದರೂ ಅಕ್ಟೋಬರ್‌ನಲ್ಲಿ ತಾನೇ ಒಪ್ಪಿಕೊಂಡಿತು. ನವೆಂಬರ್ 29ರಂದು ಮಹಿಳೆಯರು ಮತ್ತೆ ಒಳಗೆ ಹೋದರು.

ಅದೇ ವರ್ಷ ಏಪ್ರಿಲ್‌ನಲ್ಲಿ ಶನಿ ಶಿಂಗಣಾಪುರದ ಕಟ್ಟೆಯೂ ಮಹಿಳೆಯರಿಗೆ ತೆರೆದಿತ್ತು. ಅಲ್ಲಿ ನಿರ್ಬಂಧ ಹಳೆಯದು. ಆದರೆ ಪೂಜಾಸ್ಥಳ ಪ್ರವೇಶಕ್ಕೆ ಸಂಬಂಧಿಸಿದ ಮಹಾರಾಷ್ಟ್ರದ 1956ರ ಕಾನೂನು ಜಾರಿಯಲ್ಲಿತ್ತು. ಅದನ್ನು ಪಾಲಿಸುವಂತೆ ಹೈಕೋರ್ಟು ಸರಕಾರಕ್ಕೆ ನೆನಪಿಸಿತ್ತು.

ಎಲ್ಲ ಪ್ರಕರಣಗಳೂ ಇಷ್ಟು ಸರಳವಲ್ಲ. ಶಬರಿಮಲೆಗೆ 10ರಿಂದ 50 ವರ್ಷದ ಮಹಿಳೆಯರ ಪ್ರವೇಶವನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 28ರಂದು 4:1 ಬಹುಮತದಿಂದ ಒಪ್ಪಿತು. ಭಿನ್ನ ತೀರ್ಪಿತ್ತವರು ಪೀಠದ ಏಕೈಕ ಮಹಿಳೆ, ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ಭಕ್ತರ ಶ್ರದ್ಧೆಯ ವಿಷಯದಲ್ಲಿ ನ್ಯಾಯಾಲಯ ಸಾಮಾನ್ಯವಾಗಿ ಕೈಹಾಕಬಾರದು ಎಂಬುದು ಅವರ ನಿಲುವು. ಕೇರಳದಲ್ಲಿ ಸಾವಿರಾರು ಮಹಿಳೆಯರೇ ತೀರ್ಪಿನ ವಿರುದ್ಧ ಬೀದಿಗಿಳಿದರು. 2019ರ ನವೆಂಬರ್‌ನಲ್ಲಿ ಮೂಲಭೂತ ಪ್ರಶ್ನೆಗಳನ್ನು ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು.

ದೇವರನ್ನು ಹೇಗೆ ನಂಬಬೇಕೆಂದು ನ್ಯಾಯಾಲಯ ಹೇಳಲಾರದು, ಹೇಳಲೂಬಾರದು. ಆದರೆ ಸಾರ್ವಜನಿಕರ ಕಾಣಿಕೆಯಿಂದ ನಡೆಯುವ ಕ್ಷೇತ್ರದಲ್ಲಿ ಆಡಳಿತ ಮಂಡಳಿಯ ನಿರ್ಣಯವೇ ಧರ್ಮವೆನಿಸಿಕೊಂಡಾಗ, ಬಾಗಿಲಲ್ಲಿ ತಡೆಯಲ್ಪಟ್ಟವರು ಬೇರೆಲ್ಲಿಗೆ ಹೋಗಬೇಕು? ಹಾಜಿ ಅಲಿಯಲ್ಲಿ ಮಹಿಳೆಯರು ಹೊಸದೇನನ್ನೂ ಕೇಳಿರಲಿಲ್ಲ. ಹಿಂದೆ ತಮಗಿದ್ದುದನ್ನೇ ಮರಳಿ ಕೇಳಿದ್ದರು.