ಕರಿಮದ್ದಿಗೆ ಖಾಲಿ ಜಾಗ ಆಗಿಬರದು

ಅಮೆರಿಕದಲ್ಲಿ ಮಾರುವ ಚರೆ ತೋಟೆಗಳ ಪೆಟ್ಟಿಗೆಯ ಮೇಲೆ ‘3 ಡ್ರಾಮ್ ಈಕ್ವಿವಲೆಂಟ್’ ಎಂಬ ಬರಹ ಈಗಲೂ ಕಾಣಸಿಗುತ್ತದೆ. ಒಳಗಿರುವುದು ಹೊಗೆಯಿಲ್ಲದ ಆಧುನಿಕ ಮದ್ದು. ಅದನ್ನು ಯಾರೂ ಡ್ರಾಮ್ ಲೆಕ್ಕದಲ್ಲಿ ಅಳೆಯುವುದಿಲ್ಲ. 3 ಡ್ರಾಮ್ ಕರಿಮದ್ದು ಚರೆಯನ್ನು ಎಷ್ಟು ವೇಗವಾಗಿ ಎಸೆಯುತ್ತಿತ್ತೋ ಈ ತೋಟೆಯೂ ಅಷ್ಟೇ ವೇಗವಾಗಿ ಎಸೆಯುತ್ತದೆ ಎಂದಷ್ಟೇ ಅದರ ಅರ್ಥ. ಬಹುಪಾಲು ಬೇಟೆಗಾರರು ಕರಿಮದ್ದನ್ನು ಕೈಬಿಟ್ಟು ನೂರು ವರ್ಷ ದಾಟಿದೆ, ಅದರ ಅಳತೆ ಮಾತ್ರ ಉಳಿದುಕೊಂಡಿದೆ. ಹಾಗಂತ ಆ ಬರಹವನ್ನು ಅಕ್ಷರಶಃ ನಂಬಿ 3 ಡ್ರಾಮ್ ಹೊಗೆಯಿಲ್ಲದ ಮದ್ದು ತುಂಬಿದರೆ ಕೋವಿಯೂ ಉಳಿಯದು, ಹಿಡಿದ ಕೈಯೂ ಉಳಿಯದು. ಯಾಕೆ ಎನ್ನುವುದರಲ್ಲೇ ಕರಿಮದ್ದಿನ ವಿಜ್ಞಾನವೆಲ್ಲ ಇದೆ.

ಇವತ್ತು ಮನೆಯ ಮೇಜಿನ ಮೇಲೆ ಕರಿಮದ್ದಿನ ತೋಟೆ ತುಂಬುವವರು ಮುಖ್ಯವಾಗಿ ಎರಡು ಬಗೆಯವರು. ಹಳೆಯ ಪಶ್ಚಿಮದ ವೇಷ ತೊಟ್ಟು ಆ ಕಾಲದ ಮಾದರಿಯ ಕೋವಿಗಳಿಂದಲೇ ಸ್ಪರ್ಧಿಸುವ ಅಮೆರಿಕದ ‘ಕೌಬಾಯ್ ಆಕ್ಷನ್ ಶೂಟಿಂಗ್’ ಹವ್ಯಾಸಿಗಳು ಒಂದು ಕಡೆ. ಅಜ್ಜನ ಕಾಲದ ಡಮಾಸ್ಕಸ್ ನಳಿಗೆಯ ಜೋಡುಕೋವಿ ಇಟ್ಟುಕೊಂಡವರು ಇನ್ನೊಂದು ಕಡೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ, ಸುರುಳಿ ಸುತ್ತಿ, ಕಾಯಿಸಿ ಬಡಿದು ಬೆಸೆದ ಆ ನಳಿಗೆಗಳನ್ನು ಕರಿಮದ್ದಿನ ಒತ್ತಡಕ್ಕೆಂದೇ ಮಾಡಿದ್ದು. ಹಾಗೆಂದು ಹಳೆಯ ನಳಿಗೆಗಳೆಲ್ಲ ಕರಿಮದ್ದಿಗಾದರೂ ಸುರಕ್ಷಿತ ಎನ್ನುವಂತಿಲ್ಲ. ಒಳಗೆ ತುಕ್ಕು ಹಿಡಿದಿದೆಯೇ, ಬೆಸುಗೆ ಬಿಟ್ಟಿದೆಯೇ ಎಂದು ನುರಿತ ಕೋವಿ ಕೆಲಸಗಾರ ನೋಡಿ ಹೇಳುವವರೆಗೆ ಅದು ಗೋಡೆಯ ಮೇಲಿದ್ದರೇ ಚೆಂದ.

ಕರಿಮದ್ದಿನಲ್ಲಿರುವುದು ಮೂರೇ ಪದಾರ್ಥ. ತೂಕದಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದ್ದಿಲು ಉರುವಲು. ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಉರಿಯಲು ಬೇಕಾದ ಆಮ್ಲಜನಕವನ್ನು ಒದಗಿಸುತ್ತದೆ. ಆದ್ದರಿಂದ ಮುಚ್ಚಿದ ತೋಟೆಯೊಳಗೂ ಬೆಂಕಿಗೆ ಹೊರಗಿನ ಗಾಳಿ ಬೇಕಿಲ್ಲ. ಗಂಧಕ ಬೇಗ ಹೊತ್ತಿಕೊಂಡು ಉಳಿದೆರಡನ್ನೂ ಹೊತ್ತಿಸುತ್ತದೆ. ಇದನ್ನು ಮನೆಯಲ್ಲಿ ಅರೆಯುವ ಸಾಹಸಕ್ಕೆ ಯಾವ ವಿವೇಕಿ ಹವ್ಯಾಸಿಯೂ ಇಳಿಯುವುದಿಲ್ಲ. ಕಾರ್ಖಾನೆಯಲ್ಲಿ ಒತ್ತಿ, ಕಾಳು ಮಾಡಿ, ಗ್ರ್ಯಾಫೈಟ್ ಹೊಳಪು ಕೊಟ್ಟದ್ದನ್ನೇ ಕೊಳ್ಳುತ್ತಾನೆ. ಡಬ್ಬಿಯ ಮೇಲೆ ‘ಎಫ್’ ಅಕ್ಷರಗಳು ಹೆಚ್ಚಿದಷ್ಟೂ ಕಾಳು ಸಣ್ಣದು. ಕಾಳು ಸಣ್ಣದಾದರೆ ಉರಿಯುವ ಮೇಲ್ಮೈ ಹೆಚ್ಚು, ಒತ್ತಡ ಏರುವುದೂ ಬೇಗ. ಹನ್ನೆರಡು ಬೋರಿನ ಕೋವಿಗೆ ಸಾಮಾನ್ಯವಾಗಿ ಒಂದು ಅಥವಾ ಎರಡು ಎಫ್‌ನ ಮದ್ದು ಸಾಕು.

ಕರಿಮದ್ದನ್ನು ‘ಮೃದು’ ಎನ್ನುವವರಿದ್ದಾರೆ. ಒಂದು ಅರ್ಥದಲ್ಲಿ ನಿಜ. ಹೊಗೆಯಿಲ್ಲದ ಮದ್ದು ಒತ್ತಡ ಏರಿದಂತೆ ಇನ್ನೂ ಜೋರಾಗಿ ಉರಿಯುತ್ತದೆ. ಜೋರಾಗಿ ಉರಿದಂತೆ ಒತ್ತಡ ಮತ್ತೂ ಏರುತ್ತದೆ. ಹಾಗಾಗಿ ಅಳತೆಯಲ್ಲಿ ಸ್ವಲ್ಪ ಹೆಚ್ಚಾದರೂ ಫಲ ಬಹಳ ಹೆಚ್ಚು. ಕರಿಮದ್ದಿನ ಉರಿಯ ವೇಗಕ್ಕೆ ಒತ್ತಡದ ಹಂಗು ಅಷ್ಟಿಲ್ಲ. ಜೊತೆಗೆ ಅದರ ಶಕ್ತಿಯೂ ಕಡಿಮೆ. ಹಳೆಯ ಇಂಗ್ಲಿಷ್ ಹನ್ನೆರಡು ಬೋರಿನ ರೂಢಿಯ ತೋಟೆಯಲ್ಲಿ 3 ಡ್ರಾಮ್, ಅಂದರೆ ಸುಮಾರು 5.3 ಗ್ರಾಂ ಕರಿಮದ್ದು ಇರುತ್ತಿತ್ತು. ಅದೇ ಕೆಲಸಕ್ಕೆ ಇಂದಿನ ಮದ್ದು ಒಂದು ಗ್ರಾಂ ಚಿಲ್ಲರೆ ಸಾಕು. ಡ್ರಾಮ್ ಅಳತೆಯ ಲೋಟದ ತುಂಬ ಹೊಗೆಯಿಲ್ಲದ ಮದ್ದು ಸುರಿಯುವುದೆಂದರೆ ಒಂದೇ ಈಡಿನಲ್ಲಿ ಹಲವು ಈಡಿನ ಮದ್ದು ಹಾಕಿದಂತೆ. ಈ ಕಾರಣಕ್ಕೇ ತಿಳಿದವರು ಕರಿಮದ್ದು ತುಂಬುವ ಮೇಜಿನ ಹತ್ತಿರಕ್ಕೂ ಹೊಗೆಯಿಲ್ಲದ ಮದ್ದಿನ ಡಬ್ಬಿ ತರುವುದಿಲ್ಲ.

ಇನ್ನೊಂದು ಅರ್ಥದಲ್ಲಿ ಕರಿಮದ್ದು ಸ್ವಲ್ಪವೂ ಮೃದುವಲ್ಲ. ಬಯಲಲ್ಲಿ ಸುರಿದ ಹೊಗೆಯಿಲ್ಲದ ಮದ್ದು ಬುಸುಗುಟ್ಟುತ್ತ ಉರಿದುಹೋಗುತ್ತದೆ; ಕರಿಮದ್ದಿನ ರಾಶಿಗೆ ಕಿಡಿ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಹೀಗಾಗಿ ಬೀಡಿ, ಒಲೆ, ಹೀಟರ್ ಎಲ್ಲ ದೂರ. ಡಬ್ಬಿಯಿಂದ ಆ ಹೊತ್ತಿಗೆ ಬೇಕಾದಷ್ಟನ್ನೇ ತೆಗೆದು ಮುಚ್ಚಳ ಹಾಕಬೇಕು.

ತುಂಬುವ ಕ್ರಮ ಸರಳ. ಖಾಲಿ ತೋಟೆಯ ಬುಡದ ಹಳೇ ಕೇಪು ತೆಗೆದು ಹೊಸದು ಕೂರಿಸುವುದು, ಅಳತೆಯ ಮದ್ದು, ಅದರ ಮೇಲೆ ಗಟ್ಟಿ ರಟ್ಟಿನ ಬಿಲ್ಲೆ, ನಾರಿನ ದಪ್ಪ ಬಿಲ್ಲೆ (ವ್ಯಾಡ್), ಚರೆ, ಕೊನೆಗೆ ತೆಳು ಬಿಲ್ಲೆಯ ಮುಚ್ಚಳ. ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿಯ ನಳಿಗೆಗೆ ಮದ್ದು ಸುರಿದು ತೆಂಗಿನ ನಾರು ಜಡಿಯುತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಕಾಣದು. ಹೊಸಬರು ಹಿಡಿಯುವ ಸೂತ್ರ ಒಂದೇ: ಮದ್ದಿನ ಗಾತ್ರ, ಚರೆಯ ಗಾತ್ರ ಎರಡೂ ಸಮ. ಒಂದೇ ಲೋಟದಲ್ಲಿ ಎರಡನ್ನೂ ಅಳೆಯಬಹುದು. ಮದ್ದು ಹೆಚ್ಚಿಸಿದರೆ ಏಟು ಬಲವಾದೀತು ಎಂಬುದು ಹೊಸಬರ ಆಸೆ. ಆಗುವುದೇ ಬೇರೆ: ಚರೆ ನಡುವೆ ಬರಿದಾಗಿ ಸುತ್ತ ಚೆದುರುತ್ತದೆ. 40 ಗಜ ದೂರದಲ್ಲಿ ಕಾಗದ ಕಟ್ಟಿ, 30 ಇಂಚಿನ ವೃತ್ತ ಎಳೆದು, ಒಳಗೆ ಬಿದ್ದ ತೂತು ಎಣಿಸಿದರೆ ಭ್ರಮೆ ಇಳಿಯುತ್ತದೆ. ಮದ್ದಿನ ಮಿತಿಯನ್ನಂತೂ ಪ್ರಕಟಿತ ಕೈಪಿಡಿ ನೋಡಿಯೇ ಗೊತ್ತುಮಾಡಿಕೊಳ್ಳಬೇಕು.

ಮದ್ದಿಗೂ ವ್ಯಾಡ್‌ಗೂ ನಡುವೆ ಖಾಲಿ ಜಾಗ ಇರಕೂಡದು ಎಂಬುದು ಕಟ್ಟುನಿಟ್ಟಿನ ನಿಯಮ. ಸಡಿಲ ಬಿಟ್ಟರೆ ಉರಿ ಒಂದೊಂದು ಸಲ ಒಂದೊಂದು ಥರ, ಒತ್ತಡದ ಭರವಸೆಯೂ ಇಲ್ಲ. ವ್ಯಾಡ್ ಮದ್ದನ್ನು ಮುಟ್ಟಿ, ತುಸು ಒತ್ತಿಕೊಂಡೇ ಕೂರಬೇಕು. ಇವತ್ತಿನ ಪ್ಲಾಸ್ಟಿಕ್ ವ್ಯಾಡ್ ಕರಿಮದ್ದಿಗೆ ಒಗ್ಗುವುದಿಲ್ಲ. ಬಿಸಿಗೆ ಕರಗಿ ನಳಿಗೆಯ ಗೋಡೆಗೆ ಮೆತ್ತುತ್ತದೆ. ಪ್ಲಾಸ್ಟಿಕ್ ತೋಟೆಯ ಬಾಯಿಯೂ ಬೇಗ ಸುಟ್ಟುಹೋಗುತ್ತದೆ. ಅದಕ್ಕೇ ಹಿತ್ತಾಳೆಗೆ ಬೆಲೆ. ಅದರ ಗೋಡೆ ತೆಳು, ಒಳಗೆ ಜಾಗ ಜಾಸ್ತಿ, ಹಾಗಾಗಿ ಹನ್ನೆರಡು ಬೋರಿನ ಹಿತ್ತಾಳೆ ತೋಟೆಗೆ ಹತ್ತು ಅಥವಾ ಹನ್ನೊಂದು ಬೋರಿನ ವ್ಯಾಡ್ ಬೇಕಾಗುತ್ತದೆ. ಬಾಯಿ ಮಡಿಸಲು ಬಾರದ ಕಾರಣ ಮೇಲಿನ ಬಿಲ್ಲೆಯನ್ನು ಸೋಡಿಯಂ ಸಿಲಿಕೇಟ್ ಅಂಟಿನಿಂದ ಕೂರಿಸುತ್ತಾರೆ.

ಈಡು ಹೊಡೆದ ಮೇಲಿನ ಬಿಳಿ ಹೊಗೆಯ ಮೋಡಕ್ಕೂ ಲೆಕ್ಕವಿದೆ. ಬ್ರಿಟನ್ನಿನ ಸಂಶೋಧಕರಾದ ಆಂಡ್ರ್ಯೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ 1870ರ ದಶಕದಲ್ಲಿ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಮದ್ದು ಉರಿಸಿ ಅಳೆದರು. ಮದ್ದಿನ ತೂಕದಲ್ಲಿ ಸುಮಾರು ಶೇ 43ರಷ್ಟು ಮಾತ್ರ ಅನಿಲವಾಗುತ್ತದೆ. ಉಳಿದದ್ದು ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್‌ನಂಥ ಘನ. ಚರೆಯನ್ನು ತಳ್ಳುವುದು ಅನಿಲ. ಘನದ ಒಂದಿಷ್ಟು ಹೊಗೆಯಾಗಿ ಹೊರಬೀಳುತ್ತದೆ, ಉಳಿದದ್ದು ಮಸಿಯಾಗಿ ನಳಿಗೆಗೆ ಅಂಟುತ್ತದೆ. ಆ ಲವಣಗಳು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನತೊಡಗುತ್ತವೆ. ಎಣ್ಣೆಯಲ್ಲಿ ಲವಣ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ಬಿಸಿ ಸೋಪುನೀರು, ಪೂರ್ತಿ ಒಣಗಿದ ಮೇಲೆ ಎಣ್ಣೆ. ತೊಳೆಯುವಾಗ ಕೊಳೆತ ಮೊಟ್ಟೆ ನಾರಿದರೆ ಗಾಬರಿ ಬೇಡ, ಸಲ್ಫೈಡ್‌ಗೆ ನೀರು ತಾಗಿ ಹೈಡ್ರೋಜನ್ ಸಲ್ಫೈಡ್ ಹುಟ್ಟಿದೆ ಅಷ್ಟೇ. ಹಿತ್ತಾಳೆ ತೋಟೆಗಳಿಗೂ ಅದೇ ದಿನ ಸ್ನಾನವಾಗಬೇಕು.

ಇನ್ನು ಕಾನೂನಿನ ಮಾತು. ಅಮೆರಿಕದ ಕೇಂದ್ರ ಕಾನೂನು ಪ್ರಾಚೀನ ಮಾದರಿಯ ಕೋವಿಗಳ ಕ್ರೀಡೆಗೆಂದು 50 ಪೌಂಡ್‌ವರೆಗೆ ಕರಿಮದ್ದು ಇಟ್ಟುಕೊಳ್ಳಲು ರಿಯಾಯಿತಿ ಕೊಡುತ್ತದೆ. ಬ್ರಿಟನ್ನಿನಲ್ಲಿ ಪೊಲೀಸರ ಪ್ರಮಾಣಪತ್ರ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಅದನ್ನು ಮನೆಯಲ್ಲಿ ತೋಟೆ ತುಂಬುವ ಅನುಮತಿ ಎಂದು ಓದಿಕೊಳ್ಳಬಾರದು.