ದಪ್ಪವಿದ್ದರೆ ಗಟ್ಟಿಯೇ? ತಗಡಿನ ಕೆಲಸದ ಏಳು ತಪ್ಪು ಕಲ್ಪನೆಗಳು

ನಾಸಿಕ್‌ನಿಂದ ಮುಂಬೈ–ಆಗ್ರಾ ಹೆದ್ದಾರಿ ಹಿಡಿದು ಚಾಂದವಡ್ ಕಡೆಗೆ ಹೊರಟರೆ ತಗಡಿನ ಕೆಲಸದ ಹಲವು ಮುಖಗಳು ಸಿಗುತ್ತವೆ. ನಾಸಿಕ್‌ನ ತಾಂಬಟ್ ಆಳಿಯಲ್ಲಿ ತಾಮ್ರ ಬಡಿಯುವ ಸುತ್ತಿಗೆಯ ಸದ್ದು, ಸಾತಪುರ ಮತ್ತು ಅಂಬಡ್ ಕೈಗಾರಿಕಾ ಪ್ರದೇಶಗಳಲ್ಲಿ ಪ್ರೆಸ್‌ಗಳ ಸದ್ದು. ದಾರಿಯಲ್ಲೇ ಸಿಗುವ ಓಝರ್‌ನಲ್ಲಿ ಮಿಗ್-21 ಯುದ್ಧವಿಮಾನ ತಯಾರಿಗೆಂದು 1964ರಲ್ಲಿ ಶುರುವಾದ ಎಚ್‌ಎಎಲ್ ಕಾರ್ಖಾನೆಯಿದೆ. ಅದರ ತಾಯಿಸಂಸ್ಥೆ 1940ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಅತ್ತ ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ 1985ರಿಂದ ಬಜಾಜ್ ವಾಹನಗಳು ತಯಾರಾಗುತ್ತಿವೆ. ಕತ್ತರಿಸು, ಬಾಗಿಸು, ಒತ್ತು, ಜೋಡಿಸು: ಇವೆಲ್ಲಕ್ಕೂ ಮೂಲ ಕ್ರಿಯೆಗಳು ಈ ನಾಲ್ಕೇ. ಆದರೆ ಅವುಗಳ ಬಗ್ಗೆ ಬೇರೂರಿರುವ ತಪ್ಪು ನಂಬಿಕೆಗಳು ಚಾಂದವಡ್‌ನಲ್ಲೂ ಪೀಣ್ಯದಲ್ಲೂ ಹಣವನ್ನು, ಕೆಲವೊಮ್ಮೆ ಆರೋಗ್ಯವನ್ನೂ ಹಾಳುಮಾಡುತ್ತಿವೆ.

ತಪ್ಪು ಕಲ್ಪನೆ 1: ತಗಡು ದಪ್ಪವಿದ್ದಷ್ಟೂ ವಸ್ತು ಗಟ್ಟಿ.

ಸತ್ಯ: ದಪ್ಪದಷ್ಟೇ ಆಕಾರವೂ ಮುಖ್ಯ. ಚಪ್ಪಟೆ ತಗಡಿನ ದಪ್ಪವನ್ನು ಎರಡು ಪಟ್ಟು ಮಾಡಿದರೆ ಅದು ಬಾಗದೆ ನಿಲ್ಲುವ ಶಕ್ತಿ ಎಂಟು ಪಟ್ಟು ಹೆಚ್ಚುತ್ತದೆ ನಿಜ, ಆದರೆ ತೂಕವೂ ಲೋಹದ ಖರ್ಚೂ ಎರಡು ಪಟ್ಟಾಗುತ್ತವೆ. ಅದೇ ತೆಳು ತಗಡಿನ ಅಂಚು ಮಡಚಿ, ನಡುವೆ ಉಬ್ಬುಗೆರೆ ಒತ್ತಿದರೆ ತೂಕ ಹೆಚ್ಚಿಸದೆಯೇ ಬಿಗಿ ಬರುತ್ತದೆ. ಛಾವಣಿಯ ಶೀಟಿನ ಅಲೆ, ಅಂಗಡಿ ಷಟರಿನ ಪಟ್ಟಿಗಳ ಬಾಗು, ಬೀರುವಿನ ಬಾಗಿಲಿನ ಮಡಿಕೆ ಎಲ್ಲವೂ ಇದಕ್ಕಾಗಿಯೇ.

ತಪ್ಪು ಕಲ್ಪನೆ 2: ಗೇಜ್ ಸಂಖ್ಯೆ ದೊಡ್ಡದಾದರೆ ಶೀಟು ದಪ್ಪ.

ಸತ್ಯ: ಇದು ತದ್ವಿರುದ್ಧ. ಸ್ಟ್ಯಾಂಡರ್ಡ್ ವೈರ್ ಗೇಜ್ ಪ್ರಕಾರ 16 ಗೇಜ್ ಎಂದರೆ ಸುಮಾರು 1.63 ಮಿ.ಮೀ., 20 ಗೇಜ್ ಎಂದರೆ 0.91 ಮಿ.ಮೀ. ಬೇರೆ ಬೇರೆ ಗೇಜ್ ಪಟ್ಟಿಗಳೂ ಬಳಕೆಯಲ್ಲಿವೆ. ಆದ್ದರಿಂದ ಆರ್ಡರನ್ನು ಮಿ.ಮೀ. ಲೆಕ್ಕದಲ್ಲೇ ಬರೆಯಿರಿ.

ತಪ್ಪು ಕಲ್ಪನೆ 3: ಲೇಸರ್ ಬಂದ ಮೇಲೆ ಪ್ರೆಸ್ಸಿನ ಕಾಲ ಮುಗಿಯಿತು.

ಸತ್ಯ: ಡೈ ಮಾಡಿಸದೆಯೇ ಬೇಕಾದ ಆಕಾರ ಕತ್ತರಿಸುವುದು ಲೇಸರಿನ ಬಲ. ಕಡಿಮೆ ಸಂಖ್ಯೆಯ ಅಥವಾ ವಿನ್ಯಾಸ ಆಗಾಗ ಬದಲಾಗುವ ಕೆಲಸಕ್ಕೆ ಅದೇ ಸರಿ. ಒಂದೇ ಬಿಡಿಭಾಗ ಲಕ್ಷಗಟ್ಟಲೆ ಬೇಕಾದಾಗ ಪಂಚ್ ಮತ್ತು ಡೈ ಇರುವ ಪ್ರೆಸ್ಸೇ ಅಗ್ಗ, ಅದೇ ಬೇಗ. ನೇರ ಅಂಚಿಗಾದರೆ ಶಿಯರಿಂಗ್ ಯಂತ್ರವೇ ಸಾಕು.

ತಪ್ಪು ಕಲ್ಪನೆ 4: 50 ಮಿ.ಮೀ.ಯ ಎರಡು ಬದಿಗಳ ‘ಎಲ್’ ಆಕಾರಕ್ಕೆ 100 ಮಿ.ಮೀ. ತಗಡು ಕತ್ತರಿಸಬೇಕು.

ಸತ್ಯ: ಬಾಗುವಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. 2 ಮಿ.ಮೀ. ದಪ್ಪದ ಉಕ್ಕಿನ ತಗಡನ್ನು 2 ಮಿ.ಮೀ. ಒಳತ್ರಿಜ್ಯದಲ್ಲಿ 90 ಡಿಗ್ರಿಗೆ ಬಾಗಿಸಿ, ಹೊರ ಅಳತೆ 50 ಮತ್ತು 50 ಬರಬೇಕಾದರೆ ಕತ್ತರಿಸಬೇಕಾದದ್ದು ಸುಮಾರು 96.5 ಮಿ.ಮೀ. ಮಾತ್ರ. ಇನ್ನೊಂದು ಸಂಗತಿ: ಒತ್ತಡ ತೆಗೆದ ಕೂಡಲೇ ತಗಡು ತುಸು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಪ್ರೆಸ್ ಬ್ರೇಕ್ ನಡೆಸುವವರು ಬೇಕಾದ ಕೋನಕ್ಕಿಂತ ಸ್ವಲ್ಪ ಹೆಚ್ಚೇ ಬಾಗಿಸುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಈ ಹಿಂದೆಗೆತ ಸಾಮಾನ್ಯ ಉಕ್ಕಿಗಿಂತ ಜಾಸ್ತಿ.

ತಪ್ಪು ಕಲ್ಪನೆ 5: ಕೆಂಪಗೆ ಕಾಯಿಸಿ ನೀರಿಗದ್ದಿದರೆ ಯಾವ ಲೋಹವಾದರೂ ಗಡಸಾಗುತ್ತದೆ.

ಸತ್ಯ: ಕುಡುಗೋಲು, ಉಳಿಗೆ ಬಳಸುವ ಇಂಗಾಲವಿರುವ ಉಕ್ಕಿಗೆ ಈ ಮಾತು ಸರಿ. ತಾಮ್ರಕ್ಕೆ ಅಲ್ಲ. ತಾಮ್ರ ಗಡಸಾಗುವುದು ಪೆಟ್ಟಿನಿಂದ. ಸುತ್ತಿಗೆ ಬಿದ್ದಂತೆಲ್ಲ ಅದರ ಹರಳುಗಳ ಒಳಗೆ ದೋಷಗಳು ತೊಡಕಿಕೊಂಡು, ಲೋಹ ಮತ್ತೆ ಬಾಗಲು ಒಪ್ಪುವುದಿಲ್ಲ. ಹಠ ಹಿಡಿದು ಬಡಿದರೆ ಸೀಳುತ್ತದೆ. ಆಗ ಅದನ್ನು ಮಂದ ಕೆಂಪಾಗುವವರೆಗೆ ಕಾಯಿಸಬೇಕು. ಶಾಖಕ್ಕೆ ಹೊಸ ಹರಳುಗಳು ಬೆಳೆದು ತಾಮ್ರ ಮೆದುವಾಗುತ್ತದೆ, ನೀರಿಗದ್ದಿದರೂ ಮೆದುವಾಗಿಯೇ ಉಳಿಯುತ್ತದೆ. ಉಕ್ಕಿನಂತೆ ಹರಳಿನ ರಚನೆ ಬದಲಾಗುವ ಗುಣ ತಾಮ್ರಕ್ಕಿಲ್ಲದಿರುವುದೇ ಕಾರಣ. ಬಡಿ, ಕಾಯಿಸು, ಮತ್ತೆ ಬಡಿ ಎಂಬ ಈ ಸರದಿಯಿಂದಲೇ ಚಪ್ಪಟೆ ತಗಡು ಹಂಡೆಯಾಗುತ್ತದೆ. ಪಾತ್ರೆಯ ಮೈಮೇಲಿನ ಸುತ್ತಿಗೆಯ ಗುರುತುಗಳನ್ನು ಬರೀ ಅಲಂಕಾರ ಎನ್ನಬೇಡಿ. ಕೊನೆಯ ಸುತ್ತಿನ ಆ ಪೆಟ್ಟುಗಳೇ ಪಾತ್ರೆ ಸುಲಭವಾಗಿ ನೆಗ್ಗದಂತೆ ಕಾಯುತ್ತವೆ. ಈ ಜ್ಞಾನ ಪುಸ್ತಕದಿಂದಲ್ಲ, ತಲೆಮಾರುಗಳ ಕೈಯಿಂದ ಬಂದದ್ದು. ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಬೇಕು.

ತಪ್ಪು ಕಲ್ಪನೆ 6: ಆಯಸ್ಕಾಂತ ಅಂಟಿದರೆ ಅದು ನಕಲಿ ಸ್ಟೀಲು.

ಸತ್ಯ: ಈ ಪರೀಕ್ಷೆಯನ್ನು ನಂಬಿ ಪಾತ್ರೆ ಕೊಳ್ಳಬೇಡಿ. 430 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಆಯಸ್ಕಾಂತಕ್ಕೆ ಅಂಟುತ್ತದೆ, ಆದರೂ ಅದು ಅಸಲಿಯೇ. ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವ 304 ದರ್ಜೆ ಅಂಟುವುದಿಲ್ಲ. ಆದರೆ ಡೈಯಲ್ಲಿ ಒತ್ತಿ ಆಳದ ಪಾತ್ರೆ ಮಾಡಿದಾಗ ಅದರ ಮೂಲೆಗಳಲ್ಲಿ ತುಸು ಸೆಳೆತ ಕಾಣಬಹುದು. ಇನ್ನೊಂದೆಡೆ, ನಿಕ್ಕಲ್ ಉಳಿಸಲು ಮ್ಯಾಂಗನೀಸ್ ಸೇರಿಸಿದ 200 ಸರಣಿಯ ಅಗ್ಗದ ಸ್ಟೀಲೂ ಸಾಮಾನ್ಯವಾಗಿ ಅಂಟುವುದಿಲ್ಲ, ತುಕ್ಕು ತಡೆಯುವುದರಲ್ಲಿ ಮಾತ್ರ ಅದು 304ಕ್ಕೆ ಸಮನಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ಸರಿಯಾದ ದಾರಿ.

ತಪ್ಪು ಕಲ್ಪನೆ 7: ವೆಲ್ಡಿಂಗ್‌ಗಿಂತ ಭದ್ರ ಜೋಡಣೆಯಿಲ್ಲ, ಹೊಗೆ ಕುಡಿದರೂ ಹಾಲು, ಬೆಲ್ಲ ತಿಂದರೆ ಸರಿಹೋಗುತ್ತದೆ.

ಸತ್ಯ: ತೆಳು ತಗಡಿಗೆ ಉದ್ದಕ್ಕೂ ವೆಲ್ಡಿಂಗ್ ಮಾಡಿದರೆ ಶಾಖಕ್ಕೆ ಸೊಟ್ಟಗಾಗುತ್ತದೆ. ಅದಕ್ಕೇ ಕಾರಿನ ಮೈಯನ್ನು ಸಾವಿರಾರು ಸ್ಪಾಟ್ ವೆಲ್ಡ್‌ಗಳಿಂದ ಜೋಡಿಸುತ್ತಾರೆ. ವಿಮಾನದ ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಹಲವು ವೆಲ್ಡಿಂಗ್ ಶಾಖಕ್ಕೆ ಬಿರಿಯುತ್ತವೆ, ಬಲ ಕಳೆದುಕೊಳ್ಳುತ್ತವೆ. ಅಲ್ಲಿ ರಿವೆಟ್ಟೇ ಹೆಚ್ಚು ಭರವಸೆಯದು.

ಇನ್ನು ಹಾಲಿನ ಮಾತು. ಸತು ಲೇಪಿಸಿದ ಜಿಐ ಶೀಟಿಗೆ ವೆಲ್ಡಿಂಗ್ ಮಾಡಿದಾಗ ಏಳುವ ಬಿಳಿ ಹೊಗೆ ಸತುವಿನ ಆಕ್ಸೈಡ್. ಅದನ್ನು ಉಸಿರಾಡಿದ ಕೆಲವು ಗಂಟೆಗಳ ಮೇಲೆ ಚಳಿ, ಜ್ವರ, ಮೈಕೈ ನೋವು ಬರುತ್ತದೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಹಾಲು ಪೌಷ್ಟಿಕ ಆಹಾರ ಹೌದು, ಹೊಗೆಗೆ ಮದ್ದಲ್ಲ. ವೆಲ್ಡಿಂಗ್ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆಯುವುದು, ಹೊಗೆ ಹೀರುವ ಫ್ಯಾನು, ಲೋಹದ ಹೊಗೆಗೆ ತಕ್ಕ ಮಾಸ್ಕ್: ನಿಜವಾದ ರಕ್ಷಣೆ ಇವೇ.

ಷೆಡ್ಡು ಚಿಕ್ಕದಿರಲಿ ದೊಡ್ಡದಿರಲಿ, ಮಾಲೀಕರಲ್ಲಿ ಒಂದು ವಿನಂತಿ: ದಿನಕ್ಕೊಂದು ಲೋಟ ಹಾಲು ಕೊಟ್ಟು ಕರ್ತವ್ಯ ಮುಗಿಯಿತು ಎಂದುಕೊಳ್ಳಬೇಡಿ. ಮೊದಲು ಗಾಳಿಯಾಡುವ ವ್ಯವಸ್ಥೆ ಮಾಡಿ, ಮಾಸ್ಕ್ ಕೊಡಿ.